ಎದುರುಗೈ ಒಡ್ಡು

ಪಡದಂಡಿ, ತಾಲೂಕು ಹಾನಗಲ್
ತಾ. ೧೨-೫-೧೯೮೨

ಎದುರು ದಂಡೆಯ ಬೀಗರಾದ ಗುದ್ಲೆಪ್ಪನವರ ರುಮಾಲಿಗೆ ಕರಬಸಪ್ಪನ ಶರಣು. ಪಾದಕ್ಕೆ ಎನ್ನಬೇಕಿತ್ತು. ಆದರೆ ನಮ್ಮ ಒಡ್ಡಿನ ಮೇಲೆ ನಿಂತರೆ ನಿಮ್ಮ ರುಮಾಲಷ್ಟೇ ಕಾಣುತ್ತದೆ, ಪಾದಗಳು ಬೇವಿನ ಗಿಡದ ಮರೆಯಲ್ಲಿರುತ್ತವೆ. ಕಾಣದ್ದಕ್ಕೆ ಕೈಮುಗಿಯುವ ಭಕ್ತಿ ನನಗಿನ್ನೂ ಬಂದಿಲ್ಲ.

ಇದನ್ನು ಬರೆಯುವಾಗಲೂ ನೀವು ನನ್ನ ಕಣ್ಣೆದುರಿಗೇ ಇದ್ದೀರಿ. ಬೇವಿನ ಬುಡದಲ್ಲಿ ಕೂತು ಆಕಳಿಸುತ್ತಿದ್ದೀರಿ. ಬಾಯಿ ಅಷ್ಟು ಅಗಲ ತೆರೆಯಬೇಡಿರಿ, ವರದಾ ಹೊಳೆಯಲ್ಲಿ ಹೊಸ ಮಡು ಬಿದ್ದಿದೆ ಎಂದು ನಮ್ಮ ಎಮ್ಮೆಗಳು ಈಜಲು ಹೊರಟಾವು. ಒಂದು ಕೂಗು ಹಾಕಿದರೆ ಮುಟ್ಟುವಷ್ಟು ಹತ್ತಿರದ ನಿಮಗೆ ನಾನು ಇನ್‌ಲ್ಯಾಂಡ್ ಪತ್ರ ಬರೆಯಬೇಕು. ಅದು ಹಾನಗಲ್ಲಿಗೆ ಹೋಗಿ, ಹಾವೇರಿಯ ಸೊಬಗು ನೋಡಿ, ಸವಣೂರಿನಲ್ಲಿ ವಿಶ್ರಾಂತಿ ಪಡೆದು, ವಾರ ಮೀರಿದ ಮೇಲೆ ನಿಮ್ಮ ಕೈ ಸೇರಬೇಕು. ಬಸವ ಜಯಂತಿ ಕಳೆದ ಮೇಲೆ ನಮ್ಮವರು ನಿಮ್ಮ ಒಡ್ಡಿನ ಎದುರುಗೈ ಕೆಲಸಕ್ಕೆ ಬರಲಿಲ್ಲವೆಂದು ನಿಮ್ಮ ಹಿರಿಯರು ನಮ್ಮೊಡನೆ ಮಾತು ಬಂದ್ ಮಾಡಿಸಿದರು, ಹರಗೋಲನ್ನು ದಂಡೆಗೆ ಕಟ್ಟಿಹಾಕಿಸಿದರು. ನಾವೇನು ಕಡಿಮೆ ಎಂದು ನಮ್ಮ ಹಿರಿಯರೂ ಅದೇ ಆಜ್ಞೆ ಹೊರಡಿಸಿದರು. ಭಾರತ ಸರಕಾರ ಅಂಚೆ ಎಂಬುದೊಂದನ್ನು ನಡೆಸುತ್ತಿದೆ ಎಂಬುದು ಎರಡೂ ಕಡೆಯವರಿಗೆ ಹೊಳೆಯಲಿಲ್ಲವಾದ್ದರಿಂದ ನಾವಿಬ್ಬರು ಬದುಕಿಕೊಂಡೆವು.

ಬಾರದಿರಲು ಕಾರಣ ಇಷ್ಟೇ: ನಮ್ಮ ಎತ್ತುಗಳಿಗೆ ಕಾಲುಬಾಯಿ ಬೇನೆ. ಬೇರೆ ಏನೂ ಇಲ್ಲ.

ಇನ್ನೊಂದು ಮಾತು. ನಿಮ್ಮ ಸೊಸೆ ದಾನವ್ವನಿಗೆ ಈಗ ಐದು ತಿಂಗಳು ತುಂಬಿರಬೇಕು. ಚೊಚ್ಚಲ ಬಾಣಂತನ ತವರಿನದು. ಮಳೆಗಾಲ ಹಿಡಿಯುವ ಮೊದಲೇ ಮಗಳನ್ನು ಕಳಿಸಿಕೊಡಿರಿ. ಮೊದಲೇ. ಈ ಮಾತನ್ನು ಎರಡು ಸಲ ಬರೆದದ್ದು ಮರೆವಿನಿಂದಲ್ಲ.

ಕರಬಸಪ್ಪ

❖

ಮೂಡದಂಡಿ, ತಾಲೂಕು ಸವಣೂರು
ತಾ. ೨೪-೫-೧೯೮೨

ಬೀಗನ ಆಕಳಿಕೆಗೂ ಪಹರೆ ಹಾಕುವ ಕರಬಸಪ್ಪನವರಿಗೆ ಗುದ್ಲೆಪ್ಪನ ಶರಣು.

ಅದು ಆಕಳಿಕೆಯಲ್ಲ. ನಿಮ್ಮ ಹೆಸರು ಹಿಡಿದು ಕೂಗಲು ಬಾಯಿ ತೆರೆದೆ. ಹಿರಿಯರ ಆಜ್ಞೆ ನೆನಪಾಯಿತು, ಮುಚ್ಚಿದೆ. ದಿನಕ್ಕೆ ಹಲವು ಸಲ ಹೀಗಾಗುತ್ತದೆ.

ನಿಮ್ಮ ಎತ್ತುಗಳ ಬೇನೆ ಕೇಳಿ ದುಃಖವಾಯಿತು. ಬೇನೆ ಬಿದ್ದ ಎತ್ತು ಮುಂಜಾನೆಯಿಂದ ಸಂಜೆತನಕ ಟ್ರ್ಯಾಕ್ಟರಿನಂತೆ ಗುರುಗುಡುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಇನ್ನೊಂದು ಸಂಶಯ. ನಮ್ಮ ಬೇವಿನ ಬುಡದಿಂದ ನಿಮ್ಮ ಬಸವಣ್ಣನ ಗುಡಿಯ ಕಳಸ ಕಾಣುತ್ತಿತ್ತು. ಈಗ ಕಾಣುವುದಿಲ್ಲ. ಕಳಸ ಕಳುವಾಯಿತೇ, ಒಡ್ಡು ಬೆಳೆಯಿತೇ? ಕಳುವಾಗಿದ್ದರೆ ಪೊಲೀಸರಿಗೆ ಹೇಳಿರಿ. ಬೆಳೆದಿದ್ದರೆ ನನಗೆ ಹೇಳಿರಿ.

ನೆನಪು ಮಾಡಿಕೊಡುವುದು ಬೀಗನ ಕರ್ತವ್ಯ. ನವಾಬರ ಕಾಲದಲ್ಲಿ ನಮ್ಮ ಮುತ್ತಜ್ಜಂದಿರು ಬರಕ್ಕೆ ಅಂಜಿ ಬಡಗಣ ಸೀಮೆಯಿಂದ ಎತ್ತು ಹೊಡೆದುಕೊಂಡು ಬಂದರು. ಯಾರಿಗೂ ಬೇಡವಾದ ಈ ಹೊಳೆದಂಡೆ ಸಿಕ್ಕಿತು. ಅರ್ಧ ಜನ ಆ ಕಡೆ ನೆಲೆಯೂರಿದರು, ಅರ್ಧ ಜನ ಈ ಕಡೆ. ಒಂದು ವರ್ಷ ನಿಮ್ಮವರು ಒಡ್ಡು ಏರಿಸಿದರು, ನಾವು ಮುಳುಗಿದೆವು. ಮರುವರ್ಷ ನಾವು ಏರಿಸಿದೆವು, ನೀವು ಮುಳುಗಿದಿರಿ. ಎರಡೂ ದಂಡೆಯ ಹೊಟ್ಟೆ ಖಾಲಿಯಾದ ಮೇಲೆ ತಲೆಗೆ ಸ್ವಲ್ಪ ಬುದ್ಧಿ ಇಳಿಯಿತು. ಅಂದಿನಿಂದ ಎದುರುಗೈ. ನಿಮ್ಮ ಒಡ್ಡನ್ನು ನಮ್ಮ ಕೈ ಕಟ್ಟಬೇಕು, ನಮ್ಮದನ್ನು ನಿಮ್ಮ ಕೈ. ತನ್ನ ದಂಡೆಯ ಒಡ್ಡಿಗೆ ತಾನು ಕೈ ಹಚ್ಚಿದವನು ಕುಲಕ್ಕೆ ಹೊರಗು. ನಿಮ್ಮದನ್ನು ತಗ್ಗು ಕಟ್ಟಿದರೆ ನೀವೂ ನಮ್ಮದನ್ನು ತಗ್ಗು ಕಟ್ಟುತ್ತೀರಿ. ಇನ್ನು ಎದುರಿನವನ ಒಡ್ಡನ್ನು ತನ್ನದಕ್ಕಿಂತ ಎತ್ತರ ಕಟ್ಟಿಕೊಡುವಷ್ಟು ಧರ್ಮಾತ್ಮ ನಮ್ಮ ಕುಲದಲ್ಲಿ ಹುಟ್ಟಿಲ್ಲ. ಅದಕ್ಕೇ ಎರಡೂ ಸಮ ಉಳಿದಿವೆ. ಅಥವಾ, ಉಳಿದಿದ್ದವು.

ನೀವು ಬರುತ್ತೀರೆಂದು ಅವತ್ತು ಮನೆಮನೆಯಲ್ಲಿ ಹೋಳಿಗೆ ಮಾಡಿಸಿದ್ದೆವು. ಸಂಜೆತನಕ ಕಾದು, ಸಿಟ್ಟಿನಿಂದ ನಾವೇ ತಿಂದೆವು. ಸಿಟ್ಟಿನಲ್ಲಿ ಹೋಳಿಗೆ ಬಹಳ ಹೋಗುತ್ತವೆ.

ದಾನವ್ವನ ವಿಷಯ. ಅವಸರವೇಕೆ? ಬಸುರಿಗೆ ಉಡಿ ತುಂಬುವ ಕುಬಸಕ್ಕೆ ಮಾತಿನ ಬಂದ್ ಇಲ್ಲವೆಂದು ಹಿರಿಯರು ಒಪ್ಪಿದ್ದಾರೆ; ಬನ್ನಿರಿ, ಉಣ್ಣಿರಿ, ನೋಡಿರಿ. ನಮ್ಮ ಮನೆಯ ರೊಟ್ಟಿಯಿಂದ ನಿಮ್ಮ ಮಗಳು ಸೊರಗಿದ್ದಾಳೋ ಉಬ್ಬಿದ್ದಾಳೋ ನೀವೇ ಹೇಳುವಿರಂತೆ.

ಗುದ್ಲೆಪ್ಪ

❖

ಪಡದಂಡಿ
ತಾ. ೧೦-೬-೧೯೮೨

ಬೀಗರೆ,

ಕುಬಸದ ಊಟ ಇನ್ನೂ ಗಂಟಲಲ್ಲಿಯೇ ಇದೆ. ಹೋಳಿಗೆಯದು ತಪ್ಪಲ್ಲ. ಅದರ ಜೊತೆಗೆ ನಾನು ನುಂಗಿದ ಮಾತಿನದು.

ದಾನವ್ವ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಇವತ್ತೇ ಕರೆದೊಯ್ಯುತ್ತೇನೆ ಎಂದು ನಾನು ಬಾಯಿ ತೆಗೆದದ್ದೇ ತಡ, ಬೀಗತಿ ಮಹಾದೇವಕ್ಕನವರು ಬಂದ ಮಂದಿಯೆಲ್ಲ ಕೇಳುವಂತೆ ದನಿ ಏರಿಸಿದರು: “ಏನ್ರೀ ಬೀಗರ, ಉಂಡ ಕೈ ಆರೂದ್ರಾಗ ಮಗಳ್ನ ಕರಕೊಂಡು ಓಡ್ತೇನಿ ಅಂತೀರಲ್ರೀ! ನಮ್ಮ ಮನ್ಯಾಗ ಜ್ವಾಳ ತೀರ್ಯಾವಂತ ನಿಮ್ಗ ಯಾರ ಸುದ್ದಿ ಮುಟ್ಟಿಸಿದ್ರು?”

“ಹಂಗಲ್ರೀ ಬೀಗತೇರ, ಮಳಿಗಾಲ ಬಂತು, ಹಾದಿ ಕೆಡತೈತಿ...”

“ಹಾದಿ ಕೆಟ್ರ ಇಲ್ಲೇ ಹಡೀತಾಳ. ನಾ ಏನ್ ಕಲ್ಲ ಹಡದೇನೇನ್ರಿ?”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ವೀರವ್ವ ನಗಲಿಲ್ಲ. ನೀವು ಅದನ್ನು ನೋಡಲಿಲ್ಲ, ನೋಡಿದ್ದರೆ ಕೇಳುತ್ತಿದ್ದಿರಿ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟು ಮಂದಿಯ ನಡುವೆ, ಅವರ ಎಲೆಯಲ್ಲೇ ಉಂಡು, ಹೇಳುವ ಧೈರ್ಯ ಬರಲಿಲ್ಲ. ಈಗ ಬರೆಯುತ್ತೇನೆ.

ಎತ್ತುಗಳು ಗಟ್ಟಿಮುಟ್ಟಾಗಿವೆ. ಕಳಸ ತನ್ನ ಜಾಗದಲ್ಲೇ ಇದೆ. ಬೆಳೆದದ್ದು ಒಡ್ಡು. ಒಂದಾಳೆತ್ತರ ಬೆಳೆದಿದೆ. ಹೋದ ವರ್ಷ ನಮ್ಮ ಭತ್ತ ಹೊಳೆಪಾಲಾದದ್ದು ನಿಮಗೆ ಗೊತ್ತು. ಮಾಸೂರಿನ ಕಡೆ ಕೆರೆಯ ಕೆಲಸಕ್ಕೆ ಬಂದಿದ್ದ ಟ್ರ್ಯಾಕ್ಟರೊಂದನ್ನು ನಮ್ಮ ಹಿರಿಯ ಗುತ್ತೆಪ್ಪ ಕರೆತಂದ. ನಮ್ಮ ಒಡ್ಡಿಗೆ ನಾವೇ ಕೈ ಹಚ್ಚಿದಂತಾಗುವುದಿಲ್ಲವೇ ಎಂದು ಕೇಳಿದೆ. ಅವನು ನನ್ನನ್ನು ಕೂಸಿನಂತೆ ನೋಡಿದ. “ಟ್ರ್ಯಾಕ್ಟರಿಗೆ ಕೈ ಎಲ್ಲಿ ಅದಾವೋ ತಮ್ಮಾ? ಗಾಲಿ ಅದಾವ. ಗಾಲಿ ಮುಟ್ಟಿದ್ರ ಆಣಿ ಮುರೀತೈತೇನು?” ಎಂದ. ಇಡೀ ಕೂಟ ತಲೆದೂಗಿತು. ಮುತ್ತಜ್ಜಂದಿರ ಆಣೆಯಲ್ಲಿ ಗಾಲಿಯ ಪ್ರಸ್ತಾಪ ಇಲ್ಲದ್ದು ನಿಜ. ಮಳೆ ಬೀಳುವತನಕ ಆ ದಂಡೆಗೆ ಸುದ್ದಿ ಮುಟ್ಟಿಸಕೂಡದೆಂದು ಎಲ್ಲರಿಂದ ಭಸ್ಮ ಮುಟ್ಟಿಸಿ ಆಣೆ ಮಾಡಿಸಿದರು. ನಾನೂ ಮುಟ್ಟಿದೆ.

ಈ ಸಲ ಹೊಳೆ ಬಂದರೆ ಅಷ್ಟೂ ನೀರು ನಿಮ್ಮ ಕಡೆ. ದಾನವ್ವನನ್ನು ಕಳಿಸಿರಿ. ನೀವೂ ದಿಬ್ಬಕ್ಕೆ ಏರಿರಿ. ನನ್ನನ್ನು ಆಮೇಲೆ ಬೈಯಿರಿ. ಬೈಗುಳ ಕೇಳಲು ಬಿಡುವು ಮಾಡಿಕೊಂಡಿದ್ದೇನೆ.

ಕರಬಸಪ್ಪ

❖

ಮೂಡದಂಡಿ
ತಾ. ೧೩-೬-೧೯೮೨

ಉಂಡು ಸೊರಗುವ ಅಪರೂಪದ ಬೀಗರಿಗೆ ಗುದ್ಲೆಪ್ಪನ ಶರಣು.

ಕುಬಸದಲ್ಲಿ ನಿಮ್ಮ ಮುಖ ನೋಡಿ ಊರೆಲ್ಲ ಚರ್ಚೆ. ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಒಂದು ಪಕ್ಷ, ಅಜ್ಜನಾಗುವ ನಾಚಿಕೆ ಎಂದು ಇನ್ನೊಂದು ಪಕ್ಷ. ನಾನು ನಾಚಿಕೆಯ ಪಕ್ಷದಲ್ಲಿದ್ದೇನೆ. ನೀವು ಹೋದ ಮೇಲೆ ಒಂದು ಕಾಗದವೂ ಇಲ್ಲ, ಕಳಸದ ಸಂಶಯಕ್ಕೆ ಉತ್ತರವೂ ಇಲ್ಲ. ಮಗಳನ್ನು ಕಳಿಸಲಿಲ್ಲವೆಂಬ ಸಿಟ್ಟಿರಬೇಕು. ಇರಲಿ. ಸಿಟ್ಟಿರುವ ಬೀಗ ನಗುವ ಬೀಗನಿಗಿಂತ ನಂಬಿಗಸ್ಥ.

ಒಂದು ಸಣ್ಣ ವಿಷಯ. ಹೊಳೆ ತಿರುಗುವಲ್ಲಿ ನಮ್ಮ ಒಡ್ಡಿನ ಬುಡಕ್ಕೆ ಏಡಿಯೊಂದು ಬೊಂಗ ಕೊರೆದು ಸಂಸಾರ ಹೂಡಿದೆ. ಮೊದಲು ಬೆರಳು ಹೋಗುತ್ತಿತ್ತು, ಈಗ ಮುಷ್ಟಿ ಹೋಗುತ್ತದೆ. ನಮ್ಮ ಮಗ, ಅಂದರೆ ನಿಮ್ಮ ಅಳಿಯ, ಎರಡು ಬುಟ್ಟಿ ಮಣ್ಣು ಹಾಕಿ ತುಳಿದರೆ ಮುಗಿಯಿತು ಎಂದು ಹೊರಟಿದ್ದ. ಅವನ ತಾಯಿ ತಡೆದಳು. “ಮುಟ್ಟೀಯೋ ಮೂಳಾ! ಅದು ಅವರ ಕೈ ಕೆಲಸ. ಇವತ್ತ ನಾವು ಒಂದ್ ಬುಟ್ಟಿ ಹಾಕಿದ್ವಿ ಅಂದ್ರ ನಾಳೆ ಅವರು ಹತ್ತ ಬುಟ್ಟಿ ಹಾಕ್ತಾರ, ತಮ್ಮ ಒಡ್ಡಿಗೆ.” ಹಿರಿಯರೂ ಹೌದೆಂದರು. ಹೀಗಾಗಿ ದಿನಾ ಮುಂಜಾನೆ ಊರೆಲ್ಲ ಹೋಗಿ, ಬೊಂಗದ ಸುತ್ತ ಕೈ ಕಟ್ಟಿ ನಿಂತು, ಅದು ಎಷ್ಟು ಬೆಳೆದಿದೆ ಎಂದು ನೋಡಿ, ತಲೆದೂಗಿ, ಮನೆಗೆ ಬರುತ್ತೇವೆ. ಏಡಿಗೆ ಇಷ್ಟು ಮರ್ಯಾದೆ ಯಾವ ಸೀಮೆಯಲ್ಲೂ ಸಿಕ್ಕಿರಲಿಕ್ಕಿಲ್ಲ.

ನಿಮ್ಮ ಹಿರಿಯರಿಗೆ ಹೇಳಿ ನಾಲ್ಕು ಆಳು ಕಳಿಸಿರಿ. ಮಾತು ಬಂದ್ ಇದ್ದರೆ ಇರಲಿ. ಮಣ್ಣು ಹಾಕಲು ಮಾತು ಬೇಕಿಲ್ಲ. ಮಳೆ ಶುರುವಾಗಿದೆ.

ಗುದ್ಲೆಪ್ಪ

❖

ಪಡದಂಡಿ
ತಾ. ೨೩-೬-೧೯೮೨

ಬೀಗರೆ,

ನಿಮ್ಮ ಏಡಿಯ ಕಾಗದ ಈಗ ಬಂತು. ನನ್ನ ೧೦ನೇ ತಾರೀಖಿನ ಕಾಗದ ನಿಮಗೆ ಮುಟ್ಟಿಲ್ಲವೆಂದು ಅದರಿಂದ ತಿಳಿಯಿತು. ಅದು ಎಲ್ಲಿದೆ? ಹಾವೇರಿಯಲ್ಲಿ ಚಹಾ ಕುಡಿಯುತ್ತಿದೆಯೇ?

ಬೊಂಗ ಮುಚ್ಚಿರಿ. ನಿಮ್ಮ ಕೈಯಿಂದಲೇ ಮುಚ್ಚಿರಿ. ಕಲ್ಲು ಹಾಕಿರಿ, ಎರೆಮಣ್ಣು ಹಾಕಿರಿ, ಹೊಟ್ಟಿನ ಚೀಲ ತುರುಕಿರಿ. ಆಣೆ, ಕುಲ, ಮುತ್ತಜ್ಜ ಎಲ್ಲರನ್ನೂ ಒಟ್ಟಿಗೆ ಅದರಲ್ಲಿ ಹಾಕಿ ತುಳಿಯಿರಿ. ನಮ್ಮವರು ಬರುವುದಿಲ್ಲ. ನಾಲ್ಕು ಆಳು ಕೇಳಿದೆ. ಗುತ್ತೆಪ್ಪ ನಕ್ಕು, “ಬೀಗಸ್ತಾನ ಮಾಡಾಕ ಒಡ್ಡ ಕಟ್ಟೇವೇನು?” ಎಂದ. ಯಾರೂ ಏಳಲಿಲ್ಲ.

ಹೋದ ವಾರ ನಾನೇ ಬಸ್ಸು ಹತ್ತಿ ಸುತ್ತು ಹಾಕಿ ಹೊರಟೆ. ಸವಣೂರಿನ ಈಚೆಯ ಹಳ್ಳ ಉಕ್ಕಿ ಬಸ್ಸು ತಿರುಗಿತು. ಕಂಡಕ್ಟರು “ಯಜಮಾನ್ರ, ಹಳ್ಳ ಇಳೀಲಿ, ಮಗಳ್ನ ನೋಡೂದು ಎಲ್ಲಿ ಓಡಿ ಹೊಕ್ಕೈತ್ರಿ?” ಎಂದ. ಶಿಗ್ಗಾವಿಯಲ್ಲಿ ಕೂಡುವ ಎಂಜಿನಿಯರರೊಬ್ಬರ ಬಳಿ ಹೋಗಿ, ಸಾಹೇಬರೇ, ನಮ್ಮ ಒಡ್ಡು ತೆಗೆಸಿರಿ ಎಂದು ಕೈಮುಗಿದೆ. ಅವರು ಪಾಪ, ಒಡ್ಡು ಕಟ್ಟಿಸಿರೆಂದು ಅಳುವವರನ್ನೇ ಕಂಡವರು. ನನಗೆ ನೀರು ಕುಡಿಸಿ, ಮನೆಯಲ್ಲಿ ಯಾರಿಗೆ ಸುದ್ದಿ ಕಳಿಸಬೇಕು ಎಂದು ಮರುಕದಿಂದ ಕೇಳಿದರು.

ಬೇವಿನ ಬುಡದಲ್ಲಿ ನೀವು ಕಾಣುತ್ತಿಲ್ಲ. ಮಳೆಯ ತೆರೆ ಬಿದ್ದಿದೆ. ನಿನ್ನೆ ಆಣೆ ಮುರಿದು ಕೂಗಿದೆ. ಹೊಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಕರಬಸಪ್ಪ

❖

ಮೂಡದಂಡಿ
ತಾ. ೨೯-೬-೧೯೮೨

ಕರಬಸಪ್ಪಾ,

ನಿನ್ನ ೧೦ನೇ ತಾರೀಖಿನ ಕಾಗದ ಇವತ್ತು ತಲುಪಿತು. ನಿನ್ನ ಹೆಸರಿನ ಹಿಂದೆ ಮುಂದೆ ಮರ್ಯಾದೆ ಹಚ್ಚಲು ಇವತ್ತು ಕೈ ಬರುತ್ತಿಲ್ಲ. ಕ್ಷಮಿಸಬೇಡ.

ನಮ್ಮ ಎಲೆಯಲ್ಲಿ ಉಂಡೆ. ಮಗಳ ಉಡಿ ತುಂಬಿದೆ. ಈ ಒಡ್ಡಿನ ಮೇಲೆಯೇ ನಡೆದು ಹೋದೆ. ಹೇಳಲಿಲ್ಲ. ನೀನು ಮಗಳನ್ನು ಕೇಳುತ್ತಿದ್ದುದು ಬಾಣಂತನಕ್ಕಲ್ಲ. ಮುಳುಗುವ ಊರಿನಿಂದ ನಿನ್ನದೊಂದು ಸಾಮಾನು ಎತ್ತಿಕೊಂಡು ಹೋಗಲು. ನಾನು ಮಾತ್ರ ರೊಟ್ಟಿಯ ಅವಮಾನವೆಂದು ತಿಳಿದು, ನಿನಗೆ ಇನ್ನೊಂದು ಹೋಳಿಗೆ ಬಡಿಸಿದೆ.

ಕಾಗದವನ್ನು ಕೂಟದಲ್ಲಿ ಓದಿದೆ. ಆಮೇಲೆ ಹರೆಯದವರು ಸಲಿಕೆ ಹಿಡಿದು ಎದ್ದರು: ನಾವೂ ಏರಿಸೋಣ. ಎಲ್ಲಿಯ ಮಣ್ಣು ತರುವುದು? ಹೊಲವೆಲ್ಲ ರಾಡಿ. ಬೊಂಗದಲ್ಲಿ ಈಗ ಕೊಡ ಹೋಗುತ್ತದೆ. ಅದನ್ನಾದರೂ ಮುಚ್ಚಬಾರದೇ ಎಂದೆ. ಹಿರಿಯರೊಬ್ಬರು, “ಅವರು ಆಣಿ ಮುರದ್ರು, ನಾವೂ ಮುರದ್ವಿ ಅಂದ್ರ ಹೊಳಿ ಮುಂದ ನಿಂತು ಆಣಿ ಉಳಿಸೇವಿ ಅಂತ ಹೇಳಾಕ ಯಾರ ಉಳದ್ರಪಾ?” ಎಂದರು. ಇದಕ್ಕೆ ಉತ್ತರ ನಿನಗೆ ಹೊಳೆದರೆ ಅಂಚೆಗೆ ಹಾಕು. ಮುಂದಿನ ಮಳೆಗಾಲದ ಹೊತ್ತಿಗೆ ಬಂದೀತು.

ನಿಮ್ಮಪ್ಪ ಕರೆಯುತ್ತಾನೆ, ದಿಬ್ಬದ ಹಾದಿ ಹಿಡಿದು ಹೇಗಾದರೂ ದಾಟಿಸುತ್ತೇವೆ ನಡೆ ಎಂದು ದಾನವ್ವನಿಗೆ ಹೇಳಿದೆವು. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಇಡೀ ಊರ ಬಿಟ್ಟು ನಾ ಒಬ್ಬಾಕಿ ಹೋಗ್ಲೇನ್ರಿ ಮಾವಾರ? ಅಪ್ಪಗ ಬರೀರಿ. ಮಗಳೊಬ್ಬಾಕೀನ್ನ ತೆಗೀಬ್ಯಾಡಪಾ, ಒಡ್ಡ ತೆಗಿ ಅಂತ ಬರೀರಿ.”

ಬರೆದಿದ್ದೇನೆ.

ಗುದ್ಲೆಪ್ಪ

❖

ಪಡದಂಡಿ
ತಾ. ೯-೭-೧೯೮೨

ಗುದ್ಲೆಪ್ಪಾ,

ನಿನ್ನ ಕಾಗದ ಬಂತು. ಮಗಳ ಮಾತನ್ನು ವೀರವ್ವನಿಗೆ ಓದಿ ಹೇಳಿದೆ. ಅವಳು ಒಳಗೆ ಹೋಗಿ ಸಲಿಕೆ ತಂದು ನನ್ನ ಮುಂದಿಟ್ಟಳು. “ಆಕಿ ಹೇಳಬೇಕಾದ್ದು ಹೇಳ್ಯಾಳ. ಮತ್ತೇನ್ ಕೇಳಾಕ ಕುಂತೀರಿ?”

ಕೂಟಕ್ಕೆ ಹೋಗಿ ಕೇಳಲಿಲ್ಲ. ಕೇಳಿದರೆ ನನ್ನನ್ನು ಕಂಬಕ್ಕೆ ಕಟ್ಟುತ್ತಾರೆ, ಅದೂ ಬಹಳ ಪ್ರೀತಿಯಿಂದ. ಹೊಳೆ ತಿರುಗುವಲ್ಲಿ ಒಡ್ಡಿನ ಹಿಂದೆ ಮೊದಲು ಬರುವುದು ನನ್ನದೇ ಭತ್ತದ ಗದ್ದೆ. ನಾಳೆ ಅಲ್ಲಿಯೇ ಕಡಿಯುತ್ತೇನೆ. ನಾಳೆ ಆಗದಿದ್ದರೆ ನಾಡಿದ್ದು. ಟ್ರ್ಯಾಕ್ಟರು ಮೆಟ್ಟಿದ ಮಣ್ಣು ಗಟ್ಟಿಯಿದೆ. ನಾನು ಒಬ್ಬ, ವಯಸ್ಸೂ ನಿನ್ನಷ್ಟೇ. ಹೊಳೆ ಮೊದಲು ಮುಟ್ಟುತ್ತದೋ ಸಲಿಕೆ ಮೊದಲು ಮುಟ್ಟುತ್ತದೋ ತಿಳಿಯದು.

ಗಾಲಿಯಿಂದಲ್ಲ, ಕೈಯಿಂದಲೇ ಮುಟ್ಟುತ್ತೇನೆ. ಕುಲಕ್ಕೆ ಹೊರಗು ಎಂಬುದು ಗೊತ್ತು. ಮಗಳಿಗೆ ಹೇಳು.

ಕರಬಸಪ್ಪ

❖

ಮೂಡದಂಡಿ
ತಾ. ೧೮-೭-೧೯೮೨
ಅಂಚೆಯಿಂದಲ್ಲ, ಅಂಬಿಗ ದಿಲಾವರನ ಕೈಯಿಂದ

ಕರಬಸಪ್ಪಾ,

ನಾಳೆ ಕಡಿಯುತ್ತೇನೆ ಎಂಬ ನಿನ್ನ ಕಾಗದ ಇವತ್ತು ಮುಂಜಾನೆ ಬಂತು. ನೀನು ಕಡಿದದ್ದನ್ನು ನೋಡಿ ನಮ್ಮ ಕಣ್ಣು ಇನ್ನೂ ಆರಿಲ್ಲ. ಭವಿಷ್ಯ ಹೇಳುವುದರಲ್ಲಿ ನಮ್ಮ ಅಂಚೆ ಖಾತೆ ಸ್ವಲ್ಪ ಹಿಂದೆ.

ನೀನು ಕಡಿದ ದಿನ ಮುಂಜಾನೆಯೇ ಏಡಿಯ ಬೊಂಗ ಬಾಯಿ ಬಿಟ್ಟಿತು. ನಾವು ಎದುರಿಗೇ ನಿಂತಿದ್ದೆವು, ಕೈ ಕಟ್ಟಿಕೊಂಡು. ಕೆಳಗಿನ ಓಣಿ ಹೋಯಿತು. ಕಾಳು ತುಂಬಿದ ನಮ್ಮ ಹಗೇವಿಗೆ ನೀರು ನುಗ್ಗಿ ವರ್ಷದ ಜೋಳ ನೆಲದೊಳಗೇ ಕೊಳೆತುಹೋಯಿತು. ದಿಲಾವರನ ತಾಯಿ ಕುಲಸುಮಬಿ ಆಡು ಬಿಚ್ಚಲು ಹೋದವಳು ಮರಳಲಿಲ್ಲ. ಆಡು ಈಜಿಕೊಂಡು ಬಂತು. ಈ ಕಾಗದ ತಂದವನ ಮುಖ ನೋಡಿ ಮಾತಾಡು. ಎರಡು ಬುಟ್ಟಿ ಮಣ್ಣಿನ ಮಾತಾಗಿತ್ತು ಅದು.

ಮಧ್ಯಾಹ್ನದ ಹೊತ್ತಿಗೆ ನೀರು ಉಳಿದ ಒಡ್ಡಿನ ತಲೆಗೆ ಬಂತು. ದಾನವ್ವನನ್ನು ಮಾಳಿಗೆಗೆ ಏರಿಸಿದ್ದೆವು. ಅವಳೇ ಮೊದಲು ನೋಡಿದಳು. “ಮಾವಾರ, ಅಲ್ನೋಡ್ರಿ. ಅಪ್ಪ.” ಸೊಂಟದ ಮಟ್ಟ ಒಡ್ಡಿನೊಳಗೆ ಇಳಿದು ನೀನು ಕಡಿಯುತ್ತಿದ್ದೆ. ವೀರವ್ವ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು. ನಿಮ್ಮವರು ಓಡಿ ಬಂದು ನಿನ್ನನ್ನು ರಟ್ಟೆ ಹಿಡಿದು ಎಳೆದರು. ಅಷ್ಟರಲ್ಲಿ ನೀರಿಗೆ ದಾರಿ ಸಿಕ್ಕಿತ್ತು.

ಆಮೇಲೆ ನಡೆದದ್ದಕ್ಕೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಲ್ಲರ ಕೈಯಲ್ಲಿ ಬುಟ್ಟಿ, ಸಲಿಕೆ. ಕಡಿತ ಆಗಿನ್ನೂ ಬಾಗಿಲಷ್ಟು ಅಗಲ. ಹತ್ತು ಜನ ಮನಸ್ಸು ಮಾಡಿದ್ದರೆ ಮುಚ್ಚುತ್ತಿತ್ತು. ಒಬ್ಬನೂ ಮಣ್ಣು ಹಾಕಲಿಲ್ಲ. ತಮ್ಮ ಒಡ್ಡಿಗೆ ತಾವು ಕೈ ಹಚ್ಚುವುದು ಹೇಗೆ? ಗುತ್ತೆಪ್ಪ ಟ್ರ್ಯಾಕ್ಟರಿಗೆ ಕೈಬೀಸಿದ. ಅದು ಎರೆಯಲ್ಲಿ ಗಾಲಿ ಹೂತು ಕೂತದ್ದು ನಮಗೂ ಕಾಣುತ್ತಿತ್ತು. ನಾವು ಬೊಂಗದ ಮುಂದೆ ನಿಂತ ಹಾಗೆಯೇ ನಿಮ್ಮವರೂ ನಿಂತರು, ಕೈ ಕಟ್ಟಿಕೊಂಡು. ಎರಡೂ ದಂಡೆಯದು ಒಂದೇ ಕುಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ನೀರು ಒಡ್ಡಿನ ತಲೆ ಬಿಟ್ಟು ಇಳಿಯಿತು. ಉಳಿದ ಮನೆಗಳು ಉಳಿದವು. ದಾನವ್ವ ಉಳಿದಳು; ಉಣ್ಣುತ್ತಾಳೆ, ಮಾತು ಕಡಿಮೆ. ನಿನ್ನ ಭತ್ತ ಮೊದಲು ಹೋಯಿತು, ಆಮೇಲೆ ನಿನ್ನ ಊರಿನದು. ನಿನ್ನನ್ನು ಕುಲಕ್ಕೆ ಹೊರಗಿಟ್ಟರೆಂದು ಕೇಳಿದೆ. ನೀನೂ ವೀರವ್ವನೂ ಒಡ್ಡಿನ ಮೇಲೆ ಕಂಬಳಿ ಕಟ್ಟಿಕೊಂಡು ಇರುವುದು ಇಲ್ಲಿಂದ ಕಾಣುತ್ತದೆ.

ಈಗ ಕೇಳು. ಮೋಡ ಮತ್ತೆ ಕಟ್ಟುತ್ತಿದೆ. ನಿನ್ನ ಕಡಿತ ಹಾಗೇ ತೆರೆದಿದೆ. ಇನ್ನೊಂದು ಸಲ ಹೊಳೆ ಏರಿದರೆ ಹೋಗುವುದು ಗದ್ದೆಯಲ್ಲ, ಪಡದಂಡಿಯ ಮನೆಗಳು. ನಿಮ್ಮವರು ಅದನ್ನು ಮುಟ್ಟುವಂತಿಲ್ಲ. ಮುಟ್ಟಬೇಕಾದವರು ನಾವು. ದಿಲಾವರನನ್ನು ಕಳಿಸಿ, ನಾವು ಬರುತ್ತೇವೆಂದು ಹೇಳಿಸಿದರೆ ಗುತ್ತೆಪ್ಪ, “ಆ ದಂಡಿಯಾಂವ ಒಬ್ಬನೂ ಇಲ್ಲಿ ಕಾಲಿಡಂಗಿಲ್ಲ” ಎಂದನಂತೆ. ನಿನ್ನೆ ನಮ್ಮ ಕೂಟ ತಲೆಯ ಮೇಲೆ ಕೈ ಹೊತ್ತು ಕೂತಿತ್ತು. ಹೆಂಗಸರ ಸಾಲಿನಿಂದ ಮಹಾದೇವಕ್ಕ ಎದ್ದಳು.

“ಪಡದಂಡಿ ಒಡ್ಡ ಮುಟ್ಟಾವ್ರು ಯಾರ್ರೀ?”

“ನಾವು,” ಎಂದರು ಹಿರಿಯರು.

“ಬ್ಯಾರೆ ಯಾರರ ಮುಟ್ಟಬಹುದೇನ್ರಿ?”

“ಇಲ್ಲ.”

“ಬೀಗರು ಮುಟ್ಯಾರ. ಇಡೀ ಊರ ನೋಡೇತಿ. ಅಂದಮ್ಯಾಲ ಅವರು ಯಾ ದಂಡಿಯವ್ರು?”

ಗಾಲಿಗೆ ಕೈಯಿಲ್ಲ ಎಂಬ ನಿಮ್ಮ ನ್ಯಾಯಕ್ಕೆ ಇದು ಯಾವುದರಲ್ಲಿ ಕಡಿಮೆ? ಹಿರಿಯರು ಭಸ್ಮ ಮುಟ್ಟಿ ಹೌದೆಂದರು.

ಆದ್ದರಿಂದ ಕರಬಸಪ್ಪಾ, ನೀನು ಈಗ ಮೂಡದಂಡಿಯವನು. ವೀರವ್ವನೂ. ಆ ದಂಡೆಯ ಮೇಲೆ ಈ ಹೊತ್ತು ಇರುವ ನಮ್ಮ ಕೈ ಎಂದರೆ ನಿಮ್ಮಿಬ್ಬರದೇ. ಕಾಗದ ಮಡಚಿಟ್ಟು ಎದ್ದೇಳು. ಕಡಿತಕ್ಕೆ ಮಣ್ಣು ಹಾಕಲು ಶುರು ಮಾಡು. ಗುತ್ತೆಪ್ಪ ತಡೆದರೆ ಊರೆಲ್ಲ ಕೇಳುವಂತೆ ಹೇಳು, ನಾನು ಆಚೆ ದಂಡೆಯವನು, ಇದು ನನ್ನ ಪಾಳಿ ಎಂದು. ಹಳೆಯ ಎತ್ತರಕ್ಕೆ ಬಂದಾಗ ನಿಲ್ಲಿಸು. ಅದಕ್ಕಿಂತ ಮೇಲಿರುವುದನ್ನು ನಾವು ಬಂದು ಇಳಿಸುತ್ತೇವೆ. ಕಾಲಿಡಬೇಡಿ ಎಂದರೂ ಬರುತ್ತೇವೆ. ಹರಗೋಲು ಬಿಚ್ಚಿ ನೀರಿಗೆ ಇಳಿಸಿದ್ದೇವೆ.

ನಾವು ಇಳಿದ ಮೇಲೆ ದಿಲಾವರ ಹರಗೋಲನ್ನು ಖಾಲಿ ತಿರುಗಿಸಿಕೊಂಡು ಹೋಗಬೇಕಾಗುತ್ತದೆ. ನಮ್ಮ ಒಡ್ಡಿನ ಬಾಯಿ ಇನ್ನೂ ತೆರೆದೇ ಇದೆ, ಅದನ್ನು ನಾವು ಮುಟ್ಟಿಲ್ಲ; ಮುಟ್ಟಬೇಕಾದವರು ಪಡದಂಡಿಯವರು, ಅವರು ಹತ್ತಿದರೆ ಹರಗೋಲು ಖಾಲಿ ತಿರುಗುವುದಿಲ್ಲ. ಗುತ್ತೆಪ್ಪನಿಗೆ ಇದಿಷ್ಟನ್ನು ಕೇಳಿಸುವ ಹಾಗೆ ಹೇಳು.

ಗುದ್ಲೆಪ್ಪ